ನಿಮ್ಮ ಪ್ರಶ್ನೆ, ನಮ್ಮ ಉತ್ತರ: ವಿಂಡೋಸ್ ಒಳಗೊಂದು ಯುನಿಕ್ಸ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಮನೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಇದೆ. ಅದನ್ನು ಕೆಡಿಸದೆ ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್ ಒಂದನ್ನು, ಲಿನಕ್ಸೋ ಫ್ರೀಬಿಎಸ್‌ಡಿಯೋ ಕಲಿಯಬೇಕು. ಅದಕ್ಕೆ ವರ್ಚುವಲ್ ಮಷೀನ್ (ವಿಎಂ, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್) ಹಾಕಿದ್ದೇವೆ, ಈಗ ಹೀಗಾಗಿದೆ, ಏನು ಮಾಡೋಣ? ಬಳ್ಳಾರಿಯ ಡಿಗ್ರಿ ಕಾಲೇಜೊಂದರ ಲ್ಯಾಬ್‌ನಲ್ಲಿ ನಾನು ದಿನಾ ನೋಡುವುದೂ ಇದನ್ನೇ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ. ಮೊದಲ ಪತ್ರದ ಉತ್ತರ ಉದ್ದ ಇದೆ. ಉಳಿದವರೂ ಅದನ್ನು ಓದಿಕೊಳ್ಳಿ, ಮುಂದಿನ ಉತ್ತರಗಳಿಗೆ ಅದು ಬೇಕಾಗುತ್ತದೆ.

ಪ್ರಶ್ನೆ: ಮೇಡಂ, ನಾನು ಬಿಸಿಎ ಓದುತ್ತಿದ್ದೇನೆ. ಮನೆಯಲ್ಲಿ ಅಣ್ಣನ ಡೆಸ್ಕ್‌ಟಾಪ್ ಇದೆ. ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್, ವಿಂಡೋಸ್ 11. ಯುನಿಕ್ಸ್ ಲ್ಯಾಬ್‌ಗಾಗಿ, ವಿಎಂ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು ಲಿನಕ್ಸ್ ಹಾಕಿದೆ. ಮೌಸ್ ಅಲ್ಲಾಡಿಸಿದರೆ ಎಷ್ಟೋ ಹೊತ್ತಿಗೆ ಬಾಣ ಅಲ್ಲಾಡುತ್ತದೆ. ವಿಂಡೋಸ್ ಕೂಡ ಹೆಪ್ಪುಗಟ್ಟುತ್ತದೆ. ಹೊಸ ಕಂಪ್ಯೂಟರ್ ಕೊಡಿಸಿ ಅಂತ ಮನೆಯಲ್ಲಿ ಕೇಳುವ ಹಾಗಿಲ್ಲ. ಬೇರೆ ದಾರಿ ಇದೆಯಾ? (ವಿದ್ಯಾರ್ಥಿನಿ, ಸಿಂಧನೂರು)

ಉತ್ತರ: ಇದೆ ತಂಗೀ. ಕಂಪ್ಯೂಟರ್ ಬದಲಿಸುವುದು ಬೇಡ. ಅದರೊಳಗೆ ಹಾಕಿದ್ದನ್ನು ಬದಲಿಸು.

ಮೊದಲು ಲೆಕ್ಕ ನೋಡು. ವಿಂಡೋಸ್ 11 ಸುಮ್ನೆ ಕೂತಿದ್ದರೂ 3 ಜಿಬಿ ಆಸುಪಾಸು ರ‍್ಯಾಮ್ ಹಿಡಿದುಕೊಂಡಿರುತ್ತದೆ. ಬ್ರೌಸರ್ ತೆರೆದರೆ ಇನ್ನೊಂದು ಜಿಬಿ ಹೋಯಿತು. ಉಬುಂಟು ಡೆಸ್ಕ್‌ಟಾಪ್ ಸರಾಗವಾಗಿ ನಡೆಯಲು 4 ಜಿಬಿಯಾದರೂ ಬೇಕು. ಅಲ್ಲಿಗೆ ಎಂಟೂ ಮುಗಿಯಿತು. ಆಗ ವಿಂಡೋಸ್ ರ‍್ಯಾಮ್‌ನಲ್ಲಿ ಇದ್ದದ್ದನ್ನು ಹಾರ್ಡ್ ಡಿಸ್ಕ್‌ಗೆ ಬರೆಯುತ್ತಾ, ಮತ್ತೆ ಓದುತ್ತಾ ಕೂರುತ್ತದೆ. ಬಾಣ ಕಾಯುತ್ತಿರುವುದು ಅದಕ್ಕೇ. ವಿಎಂಗೆ ಕಮ್ಮಿಯಾಯಿತು ಅಂತ ಇನ್ನೂ ಜಾಸ್ತಿ ರ‍್ಯಾಮ್ ಕೊಟ್ಟೆ ಅಂದುಕೋ, ಒಂದೇ ಬೋರ್‌ವೆಲ್‌ಗೆ ಎರಡು ಪಂಪ್‌ಸೆಟ್ ಇಳಿಸಿದ ಹಾಗಾಗುತ್ತದೆ. ಎರಡಕ್ಕೂ ನೀರು ಬರಲ್ಲ. ಇನ್ನೊಂದು ಖರ್ಚೂ ಇದೆ. ಉಬುಂಟು ತೋರಿಸುವ ಕಿಟಕಿಗಳು, ಐಕಾನ್‌ಗಳು, ತೆರೆದು ಮುಚ್ಚುವ ಅನಿಮೇಶನ್ ಇವನ್ನೆಲ್ಲ ನಿಜವಾದ ಕಂಪ್ಯೂಟರ್‌ನಲ್ಲಿ ಗ್ರಾಫಿಕ್ಸ್ ಚಿಪ್ ಬಿಡಿಸುತ್ತದೆ. ವಿಎಂ ಒಳಗೆ ಆ ಚಿಪ್ ಸರಿಯಾಗಿ ಸಿಗುವುದಿಲ್ಲ. ಆ ಕೆಲಸವೂ ನಿನ್ನ ಐ3 ಮೇಲೆಯೇ ಬೀಳುತ್ತದೆ.

ಈಗ ಒಂದು ಪರೀಕ್ಷೆ ಮಾಡು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತು. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಮೇಲೆ ಒತ್ತಿದರೆ ಕೆಳಗೆ ವರ್ಚುವಲೈಸೇಶನ್ ಅಂತ ಒಂದು ಸಾಲು ಇದೆ. ಅದು ಎನೇಬಲ್ಡ್ ಆಗಿರಬೇಕು. 1999ರಲ್ಲಿ ವಿಎಂವೇರ್ ಕಂಪನಿ ಪಿಸಿ ಮೇಲೆ ವಿಎಂ ಓಡಿಸಿದಾಗ ಪ್ರೊಸೆಸರ್‌ನಿಂದ ಈ ಸಹಾಯ ಇರಲಿಲ್ಲ. ಕೆಲವು ಸೂಚನೆಗಳನ್ನು ಸಾಫ್ಟ್‌ವೇರೇ ಹಿಡಿದು, ತಿದ್ದಿ ಬರೆದು ಓಡಿಸಬೇಕಿತ್ತು. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಇದಕ್ಕೆಂದೇ ಪ್ರೊಸೆಸರ್ ಒಳಗೆ ಸೌಲಭ್ಯ ಕೊಟ್ಟವು. ಆದರೆ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಡಿಸೇಬಲ್ಡ್ ಅಂತ ಕಂಡರೆ ಕಂಪ್ಯೂಟರ್ ಆನ್ ಆಗುವಾಗ ಎಫ್2 ಅಥವಾ ಡಿಲೀಟ್ ಒತ್ತಿ ಬಯಾಸ್‌ಗೆ ಹೋಗು. ಇಂಟೆಲ್ ಆದರೆ ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ, ಎಎಂಡಿ ಆದರೆ ಎಸ್‌ವಿಎಂ ಮೋಡ್ ಅಂತ ಇರುತ್ತದೆ. ಅದನ್ನು ಆನ್ ಮಾಡು.

ಇನ್ನೊಂದು ಗುರುತು ಇದೆ. ವಿಎಂ ಓಡುವಾಗ ಆ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಇದೆಯಾ ನೋಡು. ಇದ್ದರೆ ವಿಂಡೋಸ್‌ನ ಸ್ವಂತ ಹೈಪರ್‌ವೈಸರ್ (ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್) ಆಗಲೇ ಪ್ರೊಸೆಸರ್‌ನ ಆ ಸೌಲಭ್ಯವನ್ನು ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತಿ ಬಳಸಿ ಹೋಗುತ್ತಿದೆ ಅಂತ ಅರ್ಥ. ವಿಂಡೋಸ್ ಫೀಚರ್ಸ್‌ನಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್ ಟಿಕ್ ಆಗಿದ್ದರೆ ತೆಗೆದು ರೀಸ್ಟಾರ್ಟ್ ಮಾಡು. ಅದಕ್ಕೂ ಆಮೆ ಹೋಗದಿದ್ದರೆ ಕಾರಣ ವಿಂಡೋಸ್ ಸೆಕ್ಯುರಿಟಿಯ ಮೆಮೊರಿ ಇಂಟಿಗ್ರಿಟಿ ಇರಬಹುದು. ಅದನ್ನು ಆಫ್ ಮಾಡಿದರೆ ವಿಂಡೋಸ್‌ನ ರಕ್ಷಣೆ ಅಷ್ಟು ಕಮ್ಮಿ ಆಗುತ್ತದೆ. ಅಣ್ಣ ಅದೇ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಕೆಲಸ ಮಾಡುತ್ತಿದ್ದರೆ ಅದನ್ನು ಮುಟ್ಟಬೇಡ. ಮುಂದೆ ಹೇಳುವ ದಾರಿಯಲ್ಲಿ ಆಮೆ ಇದ್ದರೂ ಕೆಲಸ ನಡೆಯುತ್ತದೆ.

ಆ ದಾರಿ ಇದು: ವಿಎಂನಿಂದ ಡೆಸ್ಕ್‌ಟಾಪ್ (ಕಿಟಕಿ, ಐಕಾನ್ ತೋರಿಸುವ ಪರದೆ) ತೆಗೆದುಹಾಕು. ನಿನ್ನ ಯುನಿಕ್ಸ್ ಲ್ಯಾಬ್‌ನಲ್ಲಿ ಇರುವುದು ಶೆಲ್, ವಿಐ ಎಡಿಟರ್, ಪೈಪ್, ಗ್ರೆಪ್, ಪ್ರೊಸೆಸ್, ಶೆಲ್ ಸ್ಕ್ರಿಪ್ಟ್. ಇದರಲ್ಲಿ ಒಂದಕ್ಕಾದರೂ ಮೌಸ್ ಬೇಕಾ? ಡೆಬಿಯನ್ ಅನ್ನುವ ಲಿನಕ್ಸ್‌ನ ನೆಟ್‌ಇನ್‌ಸ್ಟ್ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸಿಕೋ. ಅದು 1 ಜಿಬಿಗಿಂತ ಚಿಕ್ಕದು. ಹೊಸ ವಿಎಂಗೆ 1 ಜಿಬಿ ರ‍್ಯಾಮ್, ಒಂದು ಪ್ರೊಸೆಸರ್, 20 ಜಿಬಿ ಡಿಸ್ಕ್ ಕೊಡು. ಡಿಸ್ಕ್ ಡೈನಾಮಿಕ್ ಆಗಿರಲಿ, ಬಳಸಿದಷ್ಟೇ ಜಾಗ ಹಿಡಿಯುತ್ತದೆ. ಅನ್‌ಅಟೆಂಡೆಡ್ ಇನ್‌ಸ್ಟಾಲೇಶನ್ ಬೇಡ ಅಂತ ಹೇಳು, ಇಲ್ಲದಿದ್ದರೆ ವರ್ಚುವಲ್‌ಬಾಕ್ಸ್ ತಾನೇ ಒಂದು ಬಳಕೆದಾರನ ಹೆಸರು, ಪಾಸ್‌ವರ್ಡ್ ಇಟ್ಟು ನಿನ್ನನ್ನು ಹೊರಗೆ ನಿಲ್ಲಿಸುತ್ತದೆ. ನೀನೇ ಒಂದೊಂದು ಪ್ರಶ್ನೆಗೂ ಉತ್ತರ ಕೊಟ್ಟು ಇನ್‌ಸ್ಟಾಲ್ ಮಾಡು. ಅದೂ ಕಲಿಕೆಯೇ.

ಎರಡು ಕಡೆ ಗಮನ ಇರಲಿ. ರೂಟ್ ಪಾಸ್‌ವರ್ಡ್ ಕೇಳಿದಾಗ ಏನೂ ಬರೆಯದೆ ಮುಂದೆ ಹೋಗು. ಆಗ ನಿನ್ನ ಸ್ವಂತ ಲಾಗಿನ್‌ಗೇ ಸುಡೋ ಅಧಿಕಾರ (ಬೇಕಾದಾಗ ರೂಟ್ ಆಗಿ, ಅಂದರೆ ಯಂತ್ರದ ಯಜಮಾನನಾಗಿ ಕಮಾಂಡ್ ಕೊಡುವ ಹಕ್ಕು) ಸಿಗುತ್ತದೆ. ಕೊನೆಯ ಹೊತ್ತಿಗೆ ಸಾಫ್ಟ್‌ವೇರ್ ಸೆಲೆಕ್ಷನ್ ಅಂತ ಒಂದು ಪಟ್ಟಿ ಬರುತ್ತದೆ. ಅಲ್ಲಿ ಡೆಬಿಯನ್ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್, ಗ್ನೋಮ್ ಎರಡರ ಮುಂದೆಯೂ ನಕ್ಷತ್ರ ಇರುತ್ತದೆ. ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ ಸ್ಪೇಸ್ ಬಾರ್ ಒತ್ತಿ ನಕ್ಷತ್ರ ತೆಗಿ. ಎಸ್‌ಎಸ್‌ಎಚ್ ಸರ್ವರ್ ಮುಂದೆ ನಕ್ಷತ್ರ ಹಾಕು, ಇನ್ನೊಂದು ಯಂತ್ರದಿಂದ ಲಾಗಿನ್ ಆಗಲು ಅದು ಬೇಕು. ಸ್ಟ್ಯಾಂಡರ್ಡ್ ಸಿಸ್ಟಮ್ ಯುಟಿಲಿಟೀಸ್ ಇರಲಿ. ಇಲ್ಲಿ ಆತುರದಲ್ಲಿ ಎಂಟರ್ ಒತ್ತಿದರೆ ಪೂರ್ತಿ ಡೆಸ್ಕ್‌ಟಾಪ್ ಇಳಿಯಲು ಶುರುವಾಗುತ್ತದೆ, ಮೊಬೈಲ್ ಡೇಟಾದಲ್ಲಿ ಆ ದಿನ ಮುಗಿಯಿತು.

ಇನ್‌ಸ್ಟಾಲ್ ಆದ ಮೇಲೆ ವಿಎಂನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್‌ಗೆ ಹೋಗು. ನ್ಯಾಟ್ ಹಾಗೇ ಇರಲಿ. ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ಹೋಸ್ಟ್ ಪೋರ್ಟ್ 2222, ಗೆಸ್ಟ್ ಪೋರ್ಟ್ 22 ಅಂತ ಒಂದು ಸಾಲು ಸೇರಿಸು (ಹೋಸ್ಟ್ ಅಂದರೆ ಹೊರಗಿನ ವಿಂಡೋಸ್, ಗೆಸ್ಟ್ ಅಂದರೆ ವಿಎಂ). ಇನ್ನು ವಿಎಂ ಶುರು ಮಾಡುವಾಗ ಹೆಡ್‌ಲೆಸ್ ಸ್ಟಾರ್ಟ್ ಆರಿಸು. ಕಿಟಕಿಯೇ ತೆರೆಯುವುದಿಲ್ಲ, ವಿಎಂ ಹಿಂದೆ ಓಡುತ್ತಿರುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಸ್‌ಎಚ್ ಕಮಾಂಡ್‌ಗೆ ಪೋರ್ಟ್ 2222, ವಿಳಾಸ 127.0.0.1, ನಿನ್ನ ಲಾಗಿನ್ ಹೆಸರು ಕೊಡು. ಈಗಿನ ವಿಂಡೋಸ್‌ನಲ್ಲಿ ಎಸ್‌ಎಸ್‌ಎಚ್ ಮೊದಲೇ ಇರುತ್ತದೆ, ಬೇರೆ ಸಾಫ್ಟ್‌ವೇರ್ ಬೇಡ. ಪಾಸ್‌ವರ್ಡ್ ಹೊಡೆದರೆ ಡೆಬಿಯನ್ ಒಳಗಿದ್ದೀಯ. ದೊಡ್ಡ ಕಂಪನಿಗಳಲ್ಲಿ ಸರ್ವರ್ ನೋಡಿಕೊಳ್ಳುವವರು ಕೂಡ ಹೀಗೇ ಕೆಲಸ ಮಾಡುತ್ತಾರೆ. ಎದುರಿಗಿಲ್ಲದ ಯಂತ್ರದೊಳಗೆ ಹೋಗಿ ಟೈಪ್ ಮಾಡುತ್ತಾರೆ.

ಈಗ ನನಗೆ ಹೇಳಲೇಬೇಕಾದ ಮಾತು. ನಮ್ಮ ಕಡೆ ಯುನಿಕ್ಸ್ ಲ್ಯಾಬ್ ಅಂದರೆ ರೆಕಾರ್ಡ್ ಪುಸ್ತಕ ಆಗಿಬಿಟ್ಟಿದೆ. ಹತ್ತು ಪ್ರೋಗ್ರಾಮ್ ನಕಲು ಮಾಡು, ಔಟ್‌ಪುಟ್ ಬರಿ, ಸಹಿ ಹಾಕಿಸು. ಸಿರುಗುಪ್ಪದಿಂದ, ಸಂಡೂರಿನಿಂದ ಬೆಳಗ್ಗೆ ಬಸ್ ಹಿಡಿದು ಬರುವ ಮಕ್ಕಳು ಇಷ್ಟಕ್ಕೇ ಬರಬೇಕಾ? ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಏನನ್ನೂ ಕೆಡಿಸುವ ಹಾಗಿಲ್ಲ, ಅದಕ್ಕೇ ಯಾರಿಗೂ ಒಳಗಿನದು ಗೊತ್ತಾಗುವುದಿಲ್ಲ. ನಿನ್ನ ವಿಎಂ ನಿನ್ನದು. ಅದನ್ನು ಕೆಡಿಸಿ ನೋಡು.

ಒಂದು ಪ್ರಯೋಗ ಕೊಡುತ್ತೇನೆ. ವಿಎಂ ಆಫ್ ಮಾಡಿ ಒಂದು ಸ್ನ್ಯಾಪ್‌ಶಾಟ್ (ವಿಎಂನ ಆ ಹೊತ್ತಿನ ಸ್ಥಿತಿಯ ದಾಖಲೆ) ತೆಗಿ. ಮತ್ತೆ ಒಳಗೆ ಹೋಗಿ ಇಟಿಸಿ ಡೈರೆಕ್ಟರಿಯಲ್ಲಿರುವ ಪಾಸ್‌ವರ್ಡ್ ಫೈಲನ್ನು (passwd) ಸುಡೋ ಹಾಕಿ ಅಳಿಸು. ಏನೂ ಆಗಲಿಲ್ಲ ಅನ್ನಿಸುತ್ತದೆ, ಅಲ್ವಾ? ಈಗ ಬ್ಯಾಷ್ ಅಂತ ಹೊಡೆದು ಹೊಸ ಶೆಲ್ ತೆರೆ. ಪ್ರಾಂಪ್ಟ್‌ನಲ್ಲಿ ನಿನ್ನ ಹೆಸರಿದ್ದ ಜಾಗದಲ್ಲಿ 'ಐ ಹ್ಯಾವ್ ನೋ ನೇಮ್' ಅಂತ ಬರುತ್ತದೆ. ಫೈಲ್‌ಗಳ ಉದ್ದ ಪಟ್ಟಿ ಕೇಳು. ಮಾಲೀಕರ ಹೆಸರಿನ ಬದಲು 1000 ಅಂತ ಬರೀ ಸಂಖ್ಯೆ ಇರುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ನಿನ್ನ ಹೆಸರು ಯಾವತ್ತೂ ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಸಂಖ್ಯೆಗೆ ಹೆಸರು ಹೊಂದಿಸಿ ಕೊಡುತ್ತಿದ್ದದ್ದು ನೀನು ಅಳಿಸಿದ ಆ ಫೈಲ್. ಸುಡೋ ಹಾಕಿ ಸರಿಮಾಡೋಣ ಅಂದರೆ, ಪಾಸ್‌ವರ್ಡ್ ಪಟ್ಟಿಯಲ್ಲಿ ನೀನೇ ಇಲ್ಲ ಅಂತ ಸುಡೋ ಹೇಳುತ್ತದೆ. ಇಷ್ಟು ನೋಡಿದವರಿಗೆ ಯೂಸರ್ ಐಡಿ ಬಗ್ಗೆ ಇನ್ನೊಮ್ಮೆ ಪಾಠ ಬೇಕಾಗಲ್ಲ. ಆಮೇಲೆ ವಿಎಂ ಆಫ್ ಮಾಡಿ ಸ್ನ್ಯಾಪ್‌ಶಾಟ್ ರೀಸ್ಟೋರ್ ಮಾಡು, ಎಲ್ಲ ಮೊದಲಿನ ಹಾಗೆ ಬರುತ್ತದೆ.

ಪ್ರಶ್ನೆ: ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಅಂತ ಇದೆಯಲ್ಲ. ಅದಿದ್ದ ಮೇಲೆ ವರ್ಚುವಲ್‌ಬಾಕ್ಸ್ ಗೊಡವೆ ಯಾಕೆ? (ಐಟಿಐ ಬೋಧಕರು, ಮಾನ್ವಿ)

ಉತ್ತರ: ಪ್ರೋಗ್ರಾಮ್ ಬರೆಯುವುದಕ್ಕೆ, ಕಮಾಂಡ್ ರೂಢಿ ಮಾಡಿಕೊಳ್ಳುವುದಕ್ಕೆ ಡಬ್ಲ್ಯೂಎಸ್‌ಎಲ್ ಧಾರಾಳ ಸಾಕು. ಅದರ ಎರಡನೇ ಆವೃತ್ತಿ ನಿಜವಾದ ಲಿನಕ್ಸ್ ಕರ್ನಲನ್ನು ಒಂದು ಚಿಕ್ಕ ವಿಎಂನಲ್ಲಿ ಓಡಿಸುತ್ತದೆ. ವಿಂಡೋಸ್ ಹೋಮ್‌ನಲ್ಲೂ ನಡೆಯುತ್ತದೆ. ಹೈಪರ್-ವಿ ಮ್ಯಾನೇಜರ್ ಹಾಗಲ್ಲ, ಅದಕ್ಕೆ ಪ್ರೊ ಬೇಕು. ಆದರೆ ಡಬ್ಲ್ಯೂಎಸ್‌ಎಲ್‌ನಲ್ಲಿ ಬೂಟ್ ಆಗುವುದು, ಪಾರ್ಟಿಶನ್ ಮಾಡುವುದು, ಎರಡು ಯಂತ್ರ ಜೋಡಿಸುವುದು ಇವೆಲ್ಲ ಮಕ್ಕಳ ಕಣ್ಣಿಗೇ ಬೀಳುವುದಿಲ್ಲ. ಫ್ರೀಬಿಎಸ್‌ಡಿ ಅಲ್ಲಿ ಸಿಗುವುದಿಲ್ಲ. ನೀವು ಕಲಿಸುವವರು, ನಿಮ್ಮ ಮಕ್ಕಳು ಒಮ್ಮೆಯಾದರೂ ಖಾಲಿ ಡಿಸ್ಕ್‌ನಿಂದ ಶುರು ಮಾಡಲಿ ಅನ್ನುವುದು ನನ್ನ ಆಸೆ.

ಪ್ರಶ್ನೆ: ನಮ್ಮ ಔಷಧ ಅಂಗಡಿಯ ಸ್ಟಾಕ್ ನೋಡಲು ಮಗ ಒಂದು ಪ್ರೋಗ್ರಾಮ್ ಮಾಡಿ ಲಿನಕ್ಸ್ ವಿಎಂನಲ್ಲಿ ಇಟ್ಟಿದ್ದಾನೆ. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ವಿಎಂ ಶುರುವಾಗಲಿಲ್ಲ. ಕಪ್ಪು ಪರದೆ ಮೇಲೆ ಇನಿಟ್‌ರ‍್ಯಾಮ್‌ಎಫ್‌ಎಸ್ ಅಂತ ಬಂದು ನಿಂತಿದೆ. ಮಗ ಬೆಂಗಳೂರಿನಲ್ಲಿದ್ದಾನೆ. ಸ್ನ್ಯಾಪ್‌ಶಾಟ್ ಇದೆ, ಹೆದರಬೇಡ ಅನ್ನುತ್ತಾನೆ. ಬೇಸಿಗೆಯಲ್ಲಿ ಕಂಪ್ಯೂಟರ್ ಕೂಡ ಬಹಳ ಕಾಯುತ್ತದೆ. (ಅಂಗಡಿ ಮಾಲೀಕರು, ರಾಯಚೂರು)

ಉತ್ತರ: ಹೆದರಬೇಡಿ ಅಣ್ಣಾ, ಆದರೆ ಸ್ನ್ಯಾಪ್‌ಶಾಟ್ ಇದೆ ಅನ್ನುವ ಧೈರ್ಯವೂ ಬೇಡ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಪರದೆ ಮೇಲಿನ ಸಾಲುಗಳನ್ನು ಓದಿ. ಎಫ್‌ಎಸ್‌ಸಿಕೆ (ಡಿಸ್ಕ್ ಪರೀಕ್ಷಿಸಿ ಸರಿಮಾಡುವ ಕಮಾಂಡ್) ಅನ್ನು ನೀವೇ ಓಡಿಸಿ ಅಂತ ಒಂದು ಸಾಲು, ಅದರ ಹತ್ತಿರವೇ ಡಿಸ್ಕ್‌ನ ಹೆಸರು ಇರುತ್ತದೆ. ಸಾಮಾನ್ಯವಾಗಿ ಎಸ್‌ಡಿಎ1 ಅಥವಾ ಎಸ್‌ಡಿಎ2. ಏನೇ ಮಾಡುವ ಮೊದಲು ವಿಎಂ ಆಫ್ ಮಾಡಿ, ಅದರ ಫೋಲ್ಡರ್ ಇಡೀ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ವಿಎಂನ ಡಿಸ್ಕ್ ಅಂದರೆ ವಿಂಡೋಸ್ ಕಣ್ಣಿಗೆ ಒಂದು ದೊಡ್ಡ ಫೈಲ್ ಅಷ್ಟೇ, ಕಾಪಿ ಆಗುತ್ತದೆ. ಆಮೇಲೆ ಮತ್ತೆ ಶುರು ಮಾಡಿ. ಅದೇ ಪ್ರಾಂಪ್ಟ್ ಬಂದಾಗ ಎಫ್‌ಎಸ್‌ಸಿಕೆ ಕಮಾಂಡ್‌ಗೆ ವೈ ಆಪ್ಶನ್ ಹಾಕಿ ಆ ಡಿಸ್ಕ್‌ನ ಹೆಸರು ಕೊಡಿ. ಮುಗಿದ ಮೇಲೆ ಎಕ್ಸಿಟ್ ಅಂತ ಹೊಡೆಯಿರಿ. ಹೆಚ್ಚಿನ ಸಲ ಸರಿಹೋಗುತ್ತದೆ. ಈ ಎರಡು ಸಾಲನ್ನು ಫೋನ್‌ನಲ್ಲಿ ಮಗನಿಂದ ಅಕ್ಷರ ಅಕ್ಷರ ಹೇಳಿಸಿಕೊಳ್ಳಿ.

ಯಾಕೆ ಹೀಗಾಯಿತು? ಒಳಗಿನ ಲಿನಕ್ಸ್ ಡಿಸ್ಕ್‌ಗೆ ಬರೆದೆ ಅಂದುಕೊಂಡಿರುತ್ತದೆ. ಅದು ಬರೆದದ್ದು ಕೆಲವೊಮ್ಮೆ ವಿಂಡೋಸ್‌ನ ರ‍್ಯಾಮ್‌ನಲ್ಲೇ ಇನ್ನೂ ಇರುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಲಿನಕ್ಸ್‌ನ ಲೆಕ್ಕ ಒಂದು, ಡಿಸ್ಕ್‌ನಲ್ಲಿ ಇರುವುದು ಇನ್ನೊಂದು. ವರ್ಚುವಲ್‌ಬಾಕ್ಸ್‌ನ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಯೂಸ್ ಹೋಸ್ಟ್ ಐಒ ಕ್ಯಾಷ್ ಅಂತ ಇದೆ. ಅದು ಟಿಕ್ ಆಗಿದ್ದರೆ ತೆಗೆಯಿರಿ. ಸ್ವಲ್ಪ ನಿಧಾನ ಆದರೂ ಪರವಾಗಿಲ್ಲ.

ಒಂದು ಯುಪಿಎಸ್ ತೆಗೆದುಕೊಳ್ಳಿ. ಅಂಗಡಿಯ ಫ್ಯಾನು, ಲೈಟಿಗೆ ಇರುವ ಇನ್ವರ್ಟರ್ ಮೇಲೆ ಭರವಸೆ ಇಡಬೇಡಿ. ಅದು ಬದಲಾಗುವ ಆ ಕ್ಷಣದಲ್ಲೇ ಎಷ್ಟೋ ಕಂಪ್ಯೂಟರ್‌ಗಳು ರೀಸ್ಟಾರ್ಟ್ ಆಗಿಬಿಡುತ್ತವೆ. ಕರೆಂಟ್ ಹೋದ ಕೂಡಲೇ ವಿಎಂ ಮುಚ್ಚಿ, ಸೇವ್ ದ ಮಷೀನ್ ಸ್ಟೇಟ್ ಆರಿಸಿ. ವಿಎಂನ ರ‍್ಯಾಮ್‌ನಲ್ಲಿ ಇದ್ದದ್ದೆಲ್ಲ ಡಿಸ್ಕ್‌ಗೆ ಇಳಿಯುತ್ತದೆ. 1 ಜಿಬಿ ವಿಎಂ ಆದರೆ ಬೇಗ ಇಳಿಯುತ್ತದೆ. 4 ಜಿಬಿ ಆದರೆ ಹಾರ್ಡ್ ಡಿಸ್ಕ್‌ನಲ್ಲಿ ಸುಮಾರು ಹೊತ್ತು ಬೇಕು, ಅಷ್ಟರಲ್ಲಿ ಯುಪಿಎಸ್ ಕೂಗಲು ಶುರು ಮಾಡಿರುತ್ತದೆ. ಸಿಂಧನೂರಿನ ಹುಡುಗಿಗೆ ಡೆಸ್ಕ್‌ಟಾಪ್ ತೆಗಿ ಅಂದದ್ದು ನಿಮಗೂ ಅನ್ವಯಿಸುತ್ತದೆ. ಮಗ ಬಂದಾಗ ಡೆಸ್ಕ್‌ಟಾಪ್ ತೆಗೆಸಿ. ಸ್ಟಾಕ್ ನೋಡುವುದು ಹೇಗೂ ವಿಂಡೋಸ್‌ನ ಬ್ರೌಸರ್‌ನಲ್ಲಿ ಅಲ್ವಾ? ಕಂಪ್ಯೂಟರ್ ಕಾಯುವುದೂ ಕಮ್ಮಿ ಆಗುತ್ತದೆ. ಡೆಸ್ಕ್‌ಟಾಪ್ ಇಲ್ಲದ ವಿಎಂ ಕೆಲಸ ಇಲ್ಲದಾಗ ಪ್ರೊಸೆಸರನ್ನು ಬಹಳ ಕಮ್ಮಿ ಬಳಸುತ್ತದೆ. 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ. ಪ್ರೊಸೆಸರ್ ಮಿತಿಮೀರಿ ಕಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಫ್ಯಾನಿನ ಧೂಳು ತೆಗೆಸಿ.

ಈಗ ಸ್ನ್ಯಾಪ್‌ಶಾಟ್. ಸ್ನ್ಯಾಪ್‌ಶಾಟ್ ತೆಗೆದ ಮೇಲೆ ವರ್ಚುವಲ್‌ಬಾಕ್ಸ್ ಹಳೇ ಡಿಸ್ಕ್ ಫೈಲಿಗೆ ಬರೆಯುವುದನ್ನು ನಿಲ್ಲಿಸಿ, ಬದಲಾದದ್ದನ್ನು ಮಾತ್ರ ಹೊಸ ಫೈಲ್‌ನಲ್ಲಿ ಇಡುತ್ತದೆ. ಹೊಸದಕ್ಕೆ ಹಳೇದು ಬೇಕೇ ಬೇಕು. ಎರಡೂ ಇರುವುದು ಅದೇ ಹಾರ್ಡ್ ಡಿಸ್ಕ್‌ನಲ್ಲಿ. ಆ ಡಿಸ್ಕ್ ಹೋದರೆ ಸ್ನ್ಯಾಪ್‌ಶಾಟೂ ಹೋಯಿತು. ಹಾಗಾಗಿ ಅದು ಬ್ಯಾಕಪ್ ಅಲ್ಲ. ತಿಂಗಳಿಗೊಮ್ಮೆ ವಿಎಂ ಪೂರ್ತಿ ಆಫ್ ಮಾಡಿ, ಎಕ್ಸ್‌ಪೋರ್ಟ್ ಅಪ್ಲಯನ್ಸ್ ಕೊಟ್ಟು ಬರುವ ಒವಿಎ ಫೈಲನ್ನು ಹೊರಗಿನ ಡಿಸ್ಕ್‌ನಲ್ಲಿ ಇಡಿ. ಸ್ಟಾಕಿನ ಮಾಹಿತಿಯನ್ನಂತೂ ದಿನಾ ಬೇರೆಯಾಗಿ ಕಾಪಿ ಆಗುವ ಹಾಗೆ ಮಗನಿಗೆ ಮಾಡಿಕೊಡಲು ಹೇಳಿ. ವಿಎಂ ಹೋದರೆ ಮತ್ತೆ ಕಟ್ಟಬಹುದು. ಯಾವ ಮಾತ್ರೆ ಎಷ್ಟಿದೆ, ಯಾವುದರ ಅವಧಿ ಯಾವಾಗ ಮುಗಿಯುತ್ತದೆ ಅನ್ನುವುದು ಹೋದರೆ ಕಷ್ಟ.

ಪ್ರಶ್ನೆ: ಜೀನ್ಸ್ ಹೊಲಿಯುವ ಘಟಕದ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮ ಕಂಪ್ಯೂಟರ್ ವಿಂಡೋಸ್ 11 ತೆಗೆದುಕೊಳ್ಳುವುದಿಲ್ಲ. ಲಿನಕ್ಸ್ ಹಾಕಿ, ಅದರೊಳಗೆ ವಿಎಂನಲ್ಲಿ ವಿಂಡೋಸ್ 10 ಇಟ್ಟು ಲೆಕ್ಕದ ಸಾಫ್ಟ್‌ವೇರ್ ನಡೆಸಬಹುದಾ? ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ ಯುಎಸ್‌ಬಿ ಸಾಧನ) ಕೆಲಸ ಮಾಡುತ್ತದಾ? (ಲೆಕ್ಕಿಗರು, ಬಳ್ಳಾರಿ)

ಉತ್ತರ: ನಡೆಸಬಹುದು ಸರ್, ಆದರೆ ಕಣ್ಣು ತೆರೆದು ಮಾಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಎಂ ಒಳಗೆ ಇಟ್ಟ ಮಾತ್ರಕ್ಕೆ ಅದು ಹೊಸದಾಗುವುದಿಲ್ಲ. ಇಂಟರ್ನೆಟ್ ಕೆಲಸವೆಲ್ಲ ಲಿನಕ್ಸ್ ಬ್ರೌಸರ್‌ನಲ್ಲಿ ಮಾಡಿ. ವಿಂಡೋಸ್ ವಿಎಂನ ನೆಟ್‌ವರ್ಕ್ ಕೇಬಲ್ ಕನೆಕ್ಟೆಡ್ ಟಿಕ್ ತೆಗೆದುಬಿಡಿ. ಅದು ಬರೀ ಲೆಕ್ಕ ಬರೆಯಲಿ.

ಜಿಎಸ್‌ಟಿ ರಿಟರ್ನ್‌ಗೆ ಮಾಲೀಕರು ಒಬ್ಬರೇ ಆಗಿದ್ದರೆ, ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಮೊಬೈಲ್‌ಗೆ ಬರುವ ಒಟಿಪಿಯಿಂದಲೇ ಸಲ್ಲಿಸಬಹುದು, ಟೋಕನ್ ಬೇಡ. ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಆದರೆ ಡಿಎಸ್‌ಸಿ ಕಡ್ಡಾಯ. ಆಗ ಟೋಕನ್ ಕೊಟ್ಟವರ ಹತ್ತಿರ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮೊದಲು ಕೇಳಿ. ಇಲ್ಲದಿದ್ದರೆ ಟೋಕನ್ ವಿಎಂಗೆ ಹೋಗಬೇಕು, ವಿಎಂಗೆ ಇಂಟರ್ನೆಟ್ ಬೇಕು, ಮೇಲೆ ಹೇಳಿದ ರಕ್ಷಣೆ ಅಲ್ಲಿಗೆ ಮುಗಿಯಿತು. ಹಾಗಿದ್ದರೆ ನನ್ನ ಸಲಹೆ: ಈ ಸಾಹಸ ಬೇಡ, ವಿಂಡೋಸ್ 11 ಇರುವ ಒಂದು ಯಂತ್ರವನ್ನು ಟೋಕನ್‌ಗಾಗಿಯೇ ಇಟ್ಟುಕೊಳ್ಳಿ. ಪಗಾರ ಕೊಡುವ ದಿನ ಕಾರ್ಮಿಕರನ್ನು ಕಾಯಿಸುವ ಹಾಗೆ ಆಗಬಾರದು.

ಪ್ರಯತ್ನಿಸುವುದಾದರೆ, ಲಿನಕ್ಸ್ ಮೇಲೆ ವರ್ಚುವಲ್‌ಬಾಕ್ಸ್ ಯುಎಸ್‌ಬಿ ಸಾಧನ ನೋಡಬೇಕೆಂದರೆ ನಿಮ್ಮ ಲಾಗಿನ್ ವಿಬಾಕ್ಸ್‌ಯೂಸರ್ಸ್ ಗುಂಪಿನಲ್ಲಿರಬೇಕು. ಸೇರಿಸಿದ ಮೇಲೆ ಲಾಗೌಟ್ ಆಗಿ ಮತ್ತೆ ಬನ್ನಿ. ಇಲ್ಲದಿದ್ದರೆ ಯುಎಸ್‌ಬಿ ಪಟ್ಟಿ ಖಾಲಿ ಕಾಣುತ್ತದೆ. ವಿಎಂ ಒಳಗಿನ ವಿಂಡೋಸ್‌ಗೂ ಲೈಸೆನ್ಸ್ ಬೇಕು. ಲೆಕ್ಕದ ಸಾಫ್ಟ್‌ವೇರ್‌ನ ಲೈಸೆನ್ಸ್ ವಿಎಂನಲ್ಲಿ ನಡೆಯುತ್ತದಾ ಅಂತ ಅವರನ್ನೇ ಕೇಳಿ, ಹಳೇ ಯಂತ್ರ ಅಳಿಸುವ ಮೊದಲು ಕೇಳಿ.

ಪ್ರಶ್ನೆ: ನಾನು ನಿವೃತ್ತ ಗಣಿತ ಶಿಕ್ಷಕ. ಲಿನಕ್ಸ್ ಸ್ವಲ್ಪ ಗೊತ್ತು. ಮೂಲ ಯುನಿಕ್ಸ್‌ಗೆ ಹತ್ತಿರದ್ದು ಒಂದನ್ನು ನೋಡುವ ಆಸೆ. ವಿಎಂನಲ್ಲಿ ಯಾವುದು ಸುಲಭ? (ಕೊಪ್ಪಳ)

ಉತ್ತರ: ಗುರುಗಳೇ, ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಫ್ರೀಬಿಎಸ್‌ಡಿ ಹಾಕಿಕೊಳ್ಳಿ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಶುರು ಮಾಡಿದ ಯುನಿಕ್ಸ್ ಅಲ್ಲಿಂದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋಯಿತು. ಅಲ್ಲಿ ಬೆಳೆದ ಬಿಎಸ್‌ಡಿಯ ನೇರ ಸಂತಾನ 1993ರ ಫ್ರೀಬಿಎಸ್‌ಡಿ. ಲಿನಕ್ಸ್ ಕರ್ನಲ್ ಹಾಗಲ್ಲ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಅದನ್ನು ಮೊದಲಿನಿಂದ ಬರೆದರು.

ಸುಲಭ ಯಾಕೆಂದರೆ ಇನ್‌ಸ್ಟಾಲ್ ಕೂಡ ಮಾಡಬೇಕಾಗಿಲ್ಲ. ಫ್ರೀಬಿಎಸ್‌ಡಿಯವರೇ ಸಿದ್ಧ ವಿಎಂ ಡಿಸ್ಕ್ ಕೊಡುತ್ತಾರೆ. ವರ್ಚುವಲ್‌ಬಾಕ್ಸ್‌ಗೆ ವಿಎಂಡಿಕೆ ಫೈಲ್ ಇಳಿಸಿಕೊಳ್ಳಿ. ಅದು ಎಕ್ಸ್‌ಝಡ್ ಆಗಿ ಅದುಮಿಟ್ಟ ಫೈಲ್, ಸೆವೆನ್‌ಝಿಪ್‌ನಲ್ಲಿ ಬಿಚ್ಚಿ. ಹೊಸ ವಿಎಂ ಮಾಡುವಾಗ, ಈಗಾಗಲೇ ಇರುವ ಡಿಸ್ಕ್ ಬಳಸು ಅಂತ ಹೇಳಿ ಇದನ್ನು ತೋರಿಸಿ. ಲಾಗಿನ್ ಕೇಳಿದಾಗ ರೂಟ್ ಅನ್ನಿ, ಪಾಸ್‌ವರ್ಡ್ ಇಲ್ಲ. ಒಳಗೆ ಹೋದ ಕೂಡಲೇ ಪಾಸ್‌ವರ್ಡ್ ಇಡಿ. ಒಬ್ಬ ಸಾಮಾನ್ಯ ಬಳಕೆದಾರನನ್ನು ಸೇರಿಸಿ ವೀಲ್ ಗುಂಪಿಗೆ ಹಾಕಿ, ಆಗ ಮಾತ್ರ ಅವನಿಗೆ ರೂಟ್ ಆಗಲು ಬರುತ್ತದೆ.

ಲಿನಕ್ಸ್ ಕೈಗೆ ಕೆಲವು ವ್ಯತ್ಯಾಸ ತಾಗುತ್ತವೆ. ಶೆಲ್ ಬ್ಯಾಷ್ ಅಲ್ಲ. ನೆಟ್‌ವರ್ಕ್ ನೋಡಲು ಇಫ್‌ಕಾನ್ಫಿಗ್. ಯಾವ ಸೇವೆ ಬೂಟ್ ಆಗುವಾಗ ಶುರುವಾಗಬೇಕು ಅನ್ನುವುದೆಲ್ಲ ಆರ್‌ಸಿ ಕಾನ್ಫ್ ಅನ್ನುವ ಒಂದೇ ಫೈಲ್‌ನಲ್ಲಿ ಸಾಲು ಸಾಲಾಗಿ ಇರುತ್ತದೆ. ನನಗೆ ಅದು ಬಹಳ ಇಷ್ಟ, ಒಂದು ಪುಟದಲ್ಲಿ ಇಡೀ ಯಂತ್ರ ಓದಿಕೊಳ್ಳಬಹುದು. ನೀವು ಹಾಕಿಕೊಂಡ ಸಾಫ್ಟ್‌ವೇರ್ ಎಲ್ಲ ಯುಎಸ್‌ಆರ್ ಲೋಕಲ್ ಒಳಗೆ, ಮೂಲ ಸಿಸ್ಟಮ್ ಹೊರಗೆ. ಎರಡೂ ಕಲಸಿಕೊಳ್ಳುವುದಿಲ್ಲ. ಜೊತೆಗೆ ಹ್ಯಾಂಡ್‌ಬುಕ್ ಅಂತ ಒಂದು ಪುಸ್ತಕ ಉಚಿತವಾಗಿ ಸಿಗುತ್ತದೆ. ಪಾಠ ಮಾಡುವವರು ಬರೆದ ಹಾಗಿದೆ, ನಿಮಗೆ ಹಿಡಿಸುತ್ತದೆ.

ಗಣಿತದವರಿಗೆ ಒಂದು ಉಡುಗೊರೆಯೂ ಇದೆ. ಬಿಸಿ (bc) ಅನ್ನುವ ಎರಡಕ್ಷರದ ಲೆಕ್ಕದ ಕಮಾಂಡ್ ಫ್ರೀಬಿಎಸ್‌ಡಿಯಲ್ಲಿ ಮೊದಲೇ ಇರುತ್ತದೆ. ಎಲ್ ಆಪ್ಶನ್ ಹಾಕಿ ಅದನ್ನು ತೆರೆಯಿರಿ. ಸ್ಕೇಲ್ ಅನ್ನು 50 ಮಾಡಿ, 4 ಗುಣಿಸು ಎ ಆಫ್ 1 ಅಂತ ಕೊಡಿ. ಇಲ್ಲಿ ಎ ಅಂದರೆ ಟ್ಯಾನ್‌ನ ವಿಲೋಮ. ಪೈ ದಶಮಾಂಶದ 50 ಸ್ಥಾನದವರೆಗೆ ಬರುತ್ತದೆ, ಕೊನೆಯ ಒಂದೆರಡು ಅಂಕಿ ಮಾತ್ರ ನಂಬಬೇಡಿ. 2ರ 500ನೇ ಘಾತ ಕೇಳಿ, ಒಂದು ಅಂಕಿಯೂ ಬಿಡದೆ ಬರೆಯುತ್ತದೆ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪ್ರಶ್ನೆ: ನನ್ನ ಡೆಬಿಯನ್ ವಿಎಂನಲ್ಲಿ ಕನ್ನಡ ಫೈಲ್ ತೆರೆದರೆ ಬರೀ ಚೌಕ ಚೌಕ ಕಾಣುತ್ತದೆ. ಬರಹ ಹಾಳಾಗಿದೆಯಾ? (ಡಿಟಿಪಿ ಕೆಲಸದವರು, ಗಂಗಾವತಿ)

ಉತ್ತರ: ಇಲ್ಲ, ಬರಹ ಚೆನ್ನಾಗಿದೆ. ಹೆದರಿ ಅಳಿಸಿಬಿಡಬೇಡಿ. ಡೆಸ್ಕ್‌ಟಾಪ್ ಇಲ್ಲದ ಲಿನಕ್ಸ್‌ನ ಕಪ್ಪು ಪರದೆ ಒಂದು ಸಲಕ್ಕೆ ಹೆಚ್ಚೆಂದರೆ 512 ಅಕ್ಷರ ರೂಪಗಳನ್ನು ಇಟ್ಟುಕೊಳ್ಳುತ್ತದೆ. ಅದಕ್ಕಿಂತ ಮುಖ್ಯ, ಒತ್ತು ಕೆಳಗಿಡುವುದು, ಗುಣಿತ ಜೋಡಿಸುವುದು ಅದಕ್ಕೆ ಬರುವುದೇ ಇಲ್ಲ. 'ಸ್ತ್ರೀ' ಅನ್ನುವುದರಲ್ಲಿ ಸ, ತ, ರ, ದೀರ್ಘ ಈ ಅನ್ನುವ ನಾಲ್ಕನ್ನೂ ಒಂದರ ಮೇಲೊಂದು ಕೂರಿಸಬೇಕಲ್ಲ, ಅದು ಬೇರೆಯೇ ಸಾಫ್ಟ್‌ವೇರ್‌ನ ಕೆಲಸ. ಫೈಲನ್ನು ಎಸ್‌ಸಿಪಿಯಿಂದ (ಎಸ್‌ಎಸ್‌ಎಚ್ ಮೂಲಕ ಫೈಲ್ ಕಾಪಿ ಮಾಡುವ ಕಮಾಂಡ್) ವಿಂಡೋಸ್‌ಗೆ ತಂದು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಸರಿಯಾಗಿ ಕಾಣುತ್ತದೆ.

ಡೆಸ್ಕ್‌ಟಾಪ್ ಬೇಡ ಅಂತ ಎಲ್ಲರಿಗೂ ಹೇಳುತ್ತಿದ್ದೇನೆ, ಆದರೆ ನಿಮಗೆ ಬೇಕು. ನಿಮ್ಮ ಕೆಲಸವೇ ಅಕ್ಷರ ನೋಡುವುದು. ಹಗುರವಾದ ಎಕ್ಸ್‌ಎಫ್‌ಸಿಇ ಹಾಕಿ, ವಿಎಂಗೆ 2 ಜಿಬಿ ಕೊಡಿ. ಡೆಬಿಯನ್‌ನಲ್ಲೇ ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟ್‌ಗಳು ಸಿಗುತ್ತವೆ. ಟೈಪ್ ಮಾಡಲು ಐಬಸ್ ಮತ್ತು ಎಂ17ಎನ್ ಹಾಕಿಕೊಂಡರೆ ನೀವು ನುಡಿಯಲ್ಲಿ ಬಳಸುವ ಕೆಜಿಪಿ ಕೀಲಿಮಣೆಯೇ ಇದೆ. ಹಳೇ ನುಡಿ ಫೈಲ್‌ಗಳು ಯೂನಿಕೋಡ್ ಅಲ್ಲದಿದ್ದರೆ ಮಾತ್ರ ಮೊದಲು ಪರಿವರ್ತನೆ ಮಾಡಿಕೊಳ್ಳಿ.

ಪ್ರಶ್ನೆ: ಪ್ರಾಜೆಕ್ಟ್‌ಗೆ ಎರಡು ವಿಎಂ ಬೇಕಿತ್ತು. ಒಂದನ್ನು ಕ್ಲೋನ್ ಮಾಡಿದೆ. ಎರಡಕ್ಕೂ 10.0.2.15 ಅಂತ ಒಂದೇ ವಿಳಾಸ ಬಂದಿದೆ. ಒಂದಕ್ಕೊಂದು ಪಿಂಗ್ ಆಗಲ್ಲ. (ವಿದ್ಯಾರ್ಥಿ, ಲಿಂಗಸುಗೂರು)

ಉತ್ತರ: ನ್ಯಾಟ್‌ನಲ್ಲಿ ಪ್ರತಿ ವಿಎಂ ತನ್ನದೇ ಬೇರೆ ಕೋಣೆಯಲ್ಲಿ ಇರುತ್ತದಪ್ಪ, ಎಲ್ಲ ಕೋಣೆಗೂ ಒಂದೇ ವಿಳಾಸ ಕೊಡುವುದು ವರ್ಚುವಲ್‌ಬಾಕ್ಸ್‌ನ ಪದ್ಧತಿ. ಎರಡಕ್ಕೂ ಎರಡನೇ ಅಡಾಪ್ಟರ್ ಸೇರಿಸಿ ಹೋಸ್ಟ್-ಓನ್ಲಿ ಮಾಡು. ಒಳಗೆ ಆ ಕಾರ್ಡ್‌ಗೆ ಡಿಎಚ್‌ಸಿಪಿ (ವಿಳಾಸ ತಾನಾಗಿ ಪಡೆಯುವ ವ್ಯವಸ್ಥೆ) ಆನ್ ಮಾಡಿದರೆ ಸಾಮಾನ್ಯವಾಗಿ 192.168.56 ಅಂತ ಶುರುವಾಗುವ ಬೇರೆ ಬೇರೆ ವಿಳಾಸ ಬರುತ್ತವೆ. ಇಂಟರ್ನೆಟ್ ನ್ಯಾಟ್‌ನಿಂದ, ಪರಸ್ಪರ ಮಾತು ಇದರಿಂದ. ಕ್ಲೋನ್ ಮಾಡುವಾಗ ಎಲ್ಲ ಅಡಾಪ್ಟರ್‌ಗೂ ಹೊಸ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ) ಕೊಡು ಅಂತ ಆರಿಸಿದ್ದೀಯಾ ನೋಡು. ಇಲ್ಲದಿದ್ದರೆ ಇಲ್ಲೂ ಎರಡೂ ಒಂದೇ ವಿಳಾಸಕ್ಕೆ ಜಗಳ ಆಡುತ್ತವೆ. ಲ್ಯಾಬ್‌ನಲ್ಲಿ ಬ್ರಿಡ್ಜ್‌ಡ್ ಬಳಸಬೇಡ. ನಿನ್ನ ವಿಎಂ ಕಾಲೇಜಿನ ನೆಟ್‌ವರ್ಕ್‌ಗೆ ನೇರ ಇಳಿಯುತ್ತದೆ, ಅನುಮತಿ ಕೇಳಿ ಮಾಡು.

ಪ್ರಶ್ನೆ: ವಿಎಂನಲ್ಲಿ ವೈರಸ್ ಬಂದರೆ ವಿಂಡೋಸ್‌ಗೂ ಬರುತ್ತದಾ? (ಸೈಬರ್ ಸೆಂಟರ್ ನಡೆಸುವವರು, ಸಿರುಗುಪ್ಪ)

ಉತ್ತರ: ಗೋಡೆ ಗಟ್ಟಿಯಾಗಿದೆ, ಆದರೆ ಬಾಗಿಲು ನಾವೇ ತೆರೆದಿಡುತ್ತೇವೆ. ಶೇರ್ಡ್ ಫೋಲ್ಡರ್ ಬರೆಯುವ ಹಾಗೆ ಕೊಟ್ಟಿದ್ದರೆ ವಿಎಂ ಒಳಗಿನ ಕೆಟ್ಟ ಪ್ರೋಗ್ರಾಮ್ ಆ ಫೋಲ್ಡರ್‌ನ ಫೈಲ್‌ಗಳನ್ನು ಮುಟ್ಟಬಹುದು. ಗಿರಾಕಿಗಳ ಆಧಾರ್, ಅಂಕಪಟ್ಟಿ ಸ್ಕ್ಯಾನ್ ಮಾಡಿ ಇಡುವ ಫೋಲ್ಡರನ್ನು ಎಂದಿಗೂ ಶೇರ್ ಮಾಡಬೇಡಿ. ಶೇರ್ ಮಾಡಲೇಬೇಕಾದರೆ ಬೇರೆ ಫೋಲ್ಡರ್ ಮಾಡಿ ರೀಡ್ ಓನ್ಲಿ ಕೊಡಿ. ಕ್ಲಿಪ್‌ಬೋರ್ಡ್ ಹಂಚಿಕೆಯನ್ನೂ ಆಫ್ ಮಾಡಿ.

ಗೋಡೆಯೇ ಬಿರುಕು ಬಿಟ್ಟ ಉದಾಹರಣೆಗಳೂ ಇವೆ. 2015ರಲ್ಲಿ ವೆನಮ್ ಅನ್ನುವ ಹೆಸರಿನ ದೋಷ ಹೊರಬಿತ್ತು. ಅದು ಇದ್ದದ್ದು ಯಾರೂ ಬಳಸದ ಫ್ಲಾಪಿ ಡ್ರೈವ್‌ನ ನಕಲಿನಲ್ಲಿ. ಕ್ಯೂಎಂಯು ಅನ್ನುವ ಸಾಫ್ಟ್‌ವೇರ್‌ನ ಆ ಭಾಗವನ್ನು ಕೆವಿಎಂ, ಕ್ಸೆನ್, ವರ್ಚುವಲ್‌ಬಾಕ್ಸ್ ಈ ವಿಎಂ ಸಾಫ್ಟ್‌ವೇರ್‌ಗಳೆಲ್ಲ ಬಳಸುತ್ತಿದ್ದವು. ಅದರ ಮೂಲಕ ವಿಎಂನಿಂದ ಹೊರಗೆ ಜಿಗಿಯಲು ಸಾಧ್ಯವಿತ್ತು. ದೋಷ ತಿದ್ದಿದರು. ಹಾಗಾಗಿ ವರ್ಚುವಲ್‌ಬಾಕ್ಸ್‌ನ ಹೊಸ ಆವೃತ್ತಿ ಬಂದಾಗ ಹಾಕಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ನಿಮಗೆ ಬೇಡದ ಫ್ಲಾಪಿ, ಆಡಿಯೋ, ಯುಎಸ್‌ಬಿ ತೆಗೆದುಹಾಕಿ. ವರ್ಚುವಲ್‌ಬಾಕ್ಸ್‌ಗೆ ಹೆಚ್ಚಿನ ಸೌಲಭ್ಯ ಸೇರಿಸುವ ಎಕ್ಸ್‌ಟೆನ್ಶನ್ ಪ್ಯಾಕ್ ಮಾತ್ರ ಸೆಂಟರ್‌ನಲ್ಲಿ ಹಾಕಬೇಡಿ. ವರ್ಚುವಲ್‌ಬಾಕ್ಸ್ ಉಚಿತ, ಆದರೆ ಆ ಪ್ಯಾಕ್ ಸ್ವಂತ ಬಳಕೆಗೆ ಮತ್ತು ಕಲಿಕೆಗೆ ಮಾತ್ರ ಉಚಿತ. ವ್ಯಾಪಾರಕ್ಕೆ ಲೈಸೆನ್ಸ್ ಬೇಕು.